ನೆಗ್ಗಿಲು ಮುಳ್ಳಿಗೆ ಸೈಕಲ್ಲಿನ ರೇಟು ಗೊತ್ತಿಲ್ಲ

ಮರುಭೂಮಿಯಲ್ಲಿ ಸೈಕಲ್ ತುಳಿಯುವ ಆಸೆ ಹುಟ್ಟಿದವರು ಜೈಸಲ್ಮೇರಿಗೆ ರೈಲು ಹುಡುಕುತ್ತಾರೆ. ಚಿತ್ರದುರ್ಗದವರಿಗೆ ಆ ಖರ್ಚಿಲ್ಲ. ಬಾಗಿಲು ತೆಗೆದು ಚಳ್ಳಕೆರೆ ಕಡೆ ಮುಖ ಮಾಡಿದರೆ ಬಿಸಿಲು, ಗಾಳಿ, ಬೋಳು ಗುಡ್ಡ, ಕುರುಚಲು, ಮುಳ್ಳು ಎಲ್ಲವೂ ಸಿಗುತ್ತವೆ. ಮರಳು ಮಾತ್ರ ಕಮ್ಮಿ. ವೇದಾವತಿ ಹೊಳೆಯಲ್ಲಿ ಇದ್ದದ್ದೂ ರಾತ್ರಿ ಹೊತ್ತು ಟ್ರ್ಯಾಕ್ಟರ್ ಹತ್ತಿ ಊರು ಬಿಟ್ಟಿದೆ.

ಎರಡು ದಿನದ ಸುತ್ತು ಹೀಗೆ ಹೆಣೆಯಬಹುದು. ಶನಿವಾರ ಬೆಳಿಗ್ಗೆ 5ಕ್ಕೆ ದುರ್ಗ ಬಿಟ್ಟು ಬಂಡಿಜಾಡು, ಕಾವಲು, ಹೊಲದ ದಾರಿಗಳಲ್ಲಿ ನಾಯಕನಹಟ್ಟಿ. ಅಲ್ಲಿಂದ ಚಳ್ಳಕೆರೆ, ರಾತ್ರಿ ಅಲ್ಲೇ ಲಾಡ್ಜು. ಭಾನುವಾರ ಹಿರಿಯೂರು, ಮಾರಿಕಣಿವೆ, ಮತ್ತೆ ದುರ್ಗ. ಒಳದಾರಿಯ ಅಡ್ಡಾಟ ಸೇರಿ 170–180 ಕಿ.ಮೀ. ಆಗುತ್ತದೆ. ಹೊರಡುವಾಗ ಮನೆಯಲ್ಲಿ ‘ಈ ಬಿಸಿಲಿಗೆ ಯಾಕಪ್ಪಾ ಇದೆಲ್ಲ’ ಎಂಬ ಮಾತು ಬಂದೇ ಬರುತ್ತದೆ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ತಂದೆ ತಾಯಿಯ ಮಾತು ಕೇಳಬೇಕು ಅಂತ ಅಶೋಕ ಚಕ್ರವರ್ತಿ ಬಂಡೆಗೇ ಕೆತ್ತಿಸಿದ್ದಾನೆ. 2,200 ವರ್ಷಕ್ಕೂ ಮೇಲಾಯಿತು, ಬೋರ್ಡು ಅಲ್ಲೇ ಇದೆ. ಓದಿದವರು ಯಾರೂ ಸೈಕಲ್ ಹತ್ತುವುದಿಲ್ಲ.

ಹತ್ತಿದವರಿಗೆ ಮೊದಲು ಭೇಟಿಯಾಗುವುದು ನೆಗ್ಗಿಲು. ನೆಲಕ್ಕೆ ಅಂಟಿಕೊಂಡು ಹಬ್ಬುವ ಸಣ್ಣ ಬಳ್ಳಿ, ಹಳದಿ ಪುಟಾಣಿ ಹೂ, ನೋಡಲು ಪಾಪದ್ದು. ಆಯುರ್ವೇದದ ಅಂಗಡಿಯಲ್ಲಿ ಗೋಕ್ಷುರ ಎಂಬ ಗೌರವದ ಹೆಸರಿಟ್ಟುಕೊಂಡು ಡಬ್ಬಿಯಲ್ಲಿ ಕೂತಿರುವುದೂ ಇದೇ. ಕಾಯಿ ಒಣಗಿದಾಗ ಐದು ಚೂರಾಗಿ ಒಡೆಯುತ್ತದೆ. ಒಂದೊಂದು ಚೂರಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಉರುಳಿ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಹಬ್ಬಿ, ಕಾಯಿ ಕಟ್ಟಿ, ನವೆಂಬರ್ ಹೊತ್ತಿಗೆ ಗಟ್ಟಿಯಾಗಿ ದಾರಿ ತುಂಬ ಹರಡಿಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರುವರಿಯೇ ಈ ಸೀಮೆಯಲ್ಲಿ ಸೈಕಲ್ಲಿಗೆ ಹೇಳಿ ಮಾಡಿಸಿದ ಕಾಲ ಎಂಬುದನ್ನು ನೆಗ್ಗಿಲೂ ಎಲ್ಲೋ ಕೇಳಿಸಿಕೊಂಡಿದೆ.

ಅಮೆರಿಕದ ಮರುಭೂಮಿಯ ಸವಾರರೂ ದಿನಾ ಬೈಯುವುದು ಇದೇ ಗಿಡಕ್ಕೆ. ಎರಡು ಕೊಂಬು ಕಂಡು ‘ಮೇಕೆ ತಲೆ’ ಅಂತ ಹೆಸರಿಟ್ಟಿದ್ದಾರೆ. ಅದು ಅಲ್ಲಿನದಲ್ಲ, ನಮ್ಮ ಕಡೆಯ ಭೂಖಂಡಗಳಿಂದ ಹೋದದ್ದು. ನಮ್ಮ ಕೆರೆಯಂಗಳ, ರಸ್ತೆಬದಿ ಎಲ್ಲ ನುಂಗಿರುವ ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ಅಮೆರಿಕದ ಕಡೆಯಿಂದ ಬಂದದ್ದು. ಮುಯ್ಯಿಗೆ ಮುಯ್ಯಿ ಸರಿಹೋಗಿದೆ.

ಟ್ಯೂಬ್ ಇರುವ ಟೈರಿಗೆ ಈ ದಾರಿ ಆಗಿಬರುವುದಿಲ್ಲ. ಟ್ಯೂಬ್‌ಲೆಸ್ ಮಾಡಿಸಿ, 29 ಇಂಚಿನ ಚಕ್ರ, 2.2 ಇಂಚಿನ ಟೈರಾದರೆ ಒಂದೊಂದಕ್ಕೆ 100ರಿಂದ 120 ಮಿ.ಲೀ. ಸೀಲೆಂಟ್, ಅಂದರೆ ತೂತು ಮುಚ್ಚುವ ರಬ್ಬರ್ ಹಾಲು, ಬಿಡಬೇಕು. ಡಬ್ಬಿಯ ಮೇಲೆ ಆರು ತಿಂಗಳು ಬಾಳುತ್ತದೆ ಅಂತ ಬರೆದಿದ್ದರೆ ಅದು ತಂಪು ದೇಶದ ಲೆಕ್ಕ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲೇ ರಬ್ಬರ್ ಹಾಲು ಒಣಗಿ ಟೈರಿನೊಳಗೆ ಕೆನೆಯಂತೆ ಅಂಟಿಕೊಂಡಿರುತ್ತದೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಎಳನೀರಿನ ಹಾಗೆ ಕುಳುಕುಳು ಅನ್ನಬೇಕು. ಸದ್ದಿಲ್ಲದಿದ್ದರೆ ಒಳಗೆ ಕೊಬ್ಬರಿ.

ನೆಗ್ಗಿಲು ಚುಚ್ಚಿದ್ದು ಕಂಡರೆ ಟ್ಯೂಬ್‌ಲೆಸ್‌ನವರು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದರೆ ಬಿಳಿ ಹಾಲು ಉಕ್ಕಿ ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬಿನವರು ಮಾತ್ರ ಕೂಡಲೇ ಕೀಳಬಾರದು. ಬಾಟಲಿಗೆ ಬಿರಡೆ ಇದ್ದ ಹಾಗೆ ಮುಳ್ಳೇ ತೂತು ಮುಚ್ಚಿಕೊಂಡಿರುತ್ತದೆ. ಪ್ಯಾಚು, ಪಂಪು, ನೆರಳು ಮೂರೂ ಸಿಗುವ ಕಡೆ ತಲುಪಿದ ಮೇಲೆ ಕೀಳಿ. ಕಾಣುವುದನ್ನೆಲ್ಲ ಕಿತ್ತುಬಿಡುವ ಚಪಲ ಬಹಳ ಜನಕ್ಕಿದೆ. ಹನ್ನೊಂದು ಮುಳ್ಳು ಕಿತ್ತವರು ಹನ್ನೊಂದು ಪ್ಯಾಚು ಹಾಕುತ್ತಾರೆ.

ಕರಿಜಾಲಿ, ಬಳ್ಳಾರಿ ಜಾಲಿಯದು ಬೇರೆ ಲೆಕ್ಕ. ಅದು ಹೊಲಿಗೆ ಮಿಷನ್ನಿನ ಸೂಜಿಯ ಥರ ಟೈರನ್ನು ಹಾದು ರಿಮ್ಮಿನ ಒಳಗೆ ಸುತ್ತಿದ ಟೇಪಿನವರೆಗೂ ಹೋಗಬಲ್ಲದು. ಟೇಪು ತೂತಾದರೆ ಗಾಳಿ ಕಡ್ಡಿಗಳ ಬುಡದಿಂದ ಹೊರಡುತ್ತದೆ. ಟೈರಿನಲ್ಲಿ ಎಷ್ಟು ಹುಡುಕಿದರೂ ತೂತು ಸಿಗದೆ ಮನುಷ್ಯ ದೇವರನ್ನು ನಂಬಲು ಶುರುಮಾಡುವುದು ಆಗಲೇ. ಹೊಲದ ಕಂಡಿಗೆ ದನ ನುಗ್ಗದಿರಲಿ ಅಂತ ರೈತರು ಜಾಲಿ ಕೊಂಬೆ ಕಡಿದು ಅಡ್ಡ ಎಳೆದಿರುತ್ತಾರೆ. ಅಂಥ ಕಡೆ ಇಳಿದು, ಸೈಕಲ್ ಎತ್ತಿ ದಾಟಿ, ಕೊಂಬೆಯನ್ನು ಇದ್ದ ಹಾಗೇ ಮತ್ತೆ ಎಳೆದಿಡಬೇಕು. ಇಡದಿದ್ದರೆ ಸಂಜೆ ಆ ಹೊಲದ ಶೇಂಗಾ ಯಾರದೋ ಎಮ್ಮೆಯ ಹೊಟ್ಟೆಯಲ್ಲಿರುತ್ತದೆ, ನಿಮ್ಮ ಹೆಸರು ಊರಿನ ಬಾಯಲ್ಲಿ.

ಪ್ಯಾಚು ಹಾಕುವುದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಸೊಲ್ಯೂಷನ್ ಬಳಿದ ಕೂಡಲೇ ಪ್ಯಾಚು ಅಂಟಿಸುವುದು. ಉಜ್ಜುಕಾಗದದಿಂದ ತಿಕ್ಕಿ, ತೆಳ್ಳಗೆ ಬಳಿದು, ನಾಲ್ಕೈದು ನಿಮಿಷ ಬಿಟ್ಟು, ಹೊಳಪು ಹೋದ ಮೇಲೆ ಒತ್ತಬೇಕು. ಒಮ್ಮೆ ಬಾಯಿ ಒಡೆದ ಸೊಲ್ಯೂಷನ್ ಟ್ಯೂಬು ತಿಂಗಳೊಪ್ಪತ್ತಿನಲ್ಲಿ ಒಳಗೇ ಒಣಗುತ್ತದೆ. ಬ್ಯಾಗಿನಲ್ಲಿ ಹೊಸದೊಂದು ಇರಲಿ. ತೂತು ಹುಡುಕಲು ಕುಡಿಯುವ ನೀರು ಹಾಳು ಮಾಡಬೇಡಿ. ಬೋರ್‌ವೆಲ್ ಪಕ್ಕದ ದನದ ತೊಟ್ಟಿ ಇದ್ದೇ ಇರುತ್ತದೆ, ಅದೂ ಇಲ್ಲವಾದರೆ ತುಟಿ ಹತ್ತಿರ ಟ್ಯೂಬ್ ಹಿಡಿದು ಸುತ್ತಿದರೆ ಗಾಳಿ ತಾಕುತ್ತದೆ. ದೂರದಿಂದ ನೋಡುವವರಿಗೆ ಇವನು ಟ್ಯೂಬಿಗೆ ಮುತ್ತು ಕೊಡುತ್ತಿದ್ದಾನೆ ಅನ್ನಿಸಬಹುದು. ಅದಕ್ಕೇನೂ ಮಾಡುವ ಹಾಗಿಲ್ಲ.

ಇನ್ನು ವಾಲ್ವು. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಲಾರಿ, ಬೈಕು, ಹಳೇ ಸೈಕಲ್ಲು ಮೂರಕ್ಕೂ ಗಾಳಿ ಇದೆ, ನಿಮ್ಮ ಪ್ರೆಸ್ಟಾ ವಾಲ್ವಿಗೆ ಇಲ್ಲ. ಅಂಗಡಿಯವರು ಆ ತೆಳ್ಳನೆಯ ಕಡ್ಡಿಯನ್ನು ನೋಡಿ ‘ಏನ್ ಸರ್, ಇಂಜೆಕ್ಷನ್ ಐತಲ್ಲ ಇದು’ ಅನ್ನುತ್ತಾರೆ. ತುದಿಯ ಪುಟ್ಟ ನಟ್ಟನ್ನು ಸಡಿಲಿಸದೆ ಒತ್ತಿದರೆ ಗಾಳಿ ಹೋಗದು, ಜೋರಾಗಿ ಒತ್ತಿದರೆ ಕಡ್ಡಿ ಬಾಗುತ್ತದೆ. ಇದಕ್ಕೆ ಅಂಗಡಿಯ ಪಂಪು ಕೂರುವಂತೆ ಮಾಡುವ ಹಿತ್ತಾಳೆಯ ಅಡಾಪ್ಟರು ನೂರು ರೂಪಾಯಿಯೊಳಗೆ ಸಿಗುತ್ತದೆ, ಶೇಂಗಾ ಬೀಜದಷ್ಟು ದಪ್ಪ. ಅದನ್ನು ಬ್ಯಾಗಿನಲ್ಲಿಟ್ಟರೆ ಬೇಕಾದಾಗ ಸಿಗದು. ವಾಲ್ವಿನ ಮೇಲೆ ಕ್ಯಾಪಿನ ಬದಲು ಅದನ್ನೇ ತಿರುಗಿಸಿಟ್ಟುಬಿಡಿ.

ಗಾಳಿ ಎಷ್ಟು ಎಂಬುದನ್ನೂ ನೀವೇ ಹೇಳಬೇಕು. 70 ಕೆ.ಜಿ. ತೂಗುವವರಿಗೆ ಟ್ಯೂಬ್‌ಲೆಸ್ ಆದರೆ ಮುಂದೆ 20–22 ಪಿಎಸ್‌ಐ, ಹಿಂದೆ 23–25 ಸಾಕು. ಟ್ಯೂಬ್ ಆದರೆ 30ರ ಹತ್ತಿರ ಇರಲಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಚ್ಚಿ ಹಾವಿನ ಹಲ್ಲಿನಂತೆ ಜೋಡಿ ತೂತು ಬೀಳುತ್ತದೆ. ಪೆಟ್ರೋಲ್ ಬಂಕಿನ ಹುಡುಗನ ಕೈಗೆ ಕೊಟ್ಟು ನೀವು ಟೀ ಕುಡಿಯಲು ಹೋದರೆ ಅವನು ಪ್ರೀತಿಯಿಂದ 50 ಹಾಕುತ್ತಾನೆ. ‘ಕಲ್ಲಿನಂಗೆ ಮಾಡಿದೀನಿ ಸರ್.’ ಕಲ್ಲಿನ ಕೋಟೆಯ ಊರಲ್ವೇ. ಆಮೇಲೆ ಕೈಯ ಮೂಳೆ ಮೂಳೆಗೂ ಅದರ ಅರ್ಥ ಆಗುತ್ತದೆ. ಕೈಪಂಪಿನಲ್ಲಿ ಖಾಲಿ ಟೈರು ತುಂಬಲು 200 ಸಲ ಒತ್ತಬೇಕಾಗುತ್ತದೆ. ಎಣಿಸುತ್ತ ಒತ್ತಿ, ಮಧ್ಯೆ ಯಾರಾದರೂ ಬಂದು ‘ಎಷ್ಟು ಕೊಟ್ರಣ್ಣ ಇದಕ್ಕೆ’ ಅಂದೇ ಅನ್ನುತ್ತಾರೆ. ನಿಜ ಹೇಳಿದರೆ ‘ಇಷ್ಟ್ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬೈಕೇ ಬರ್ತಿತ್ತಲ್ಲ’ ಎಂಬ ಲೆಕ್ಕ ಬರುತ್ತದೆ, ಸುಳ್ಳು ಹೇಳಿದರೆ ‘ಹಂಗಾದ್ರೆ ನಮ್ ಹುಡುಗನಿಗೂ ಒಂದು ಕೊಡಿಸ್ರಿ’. ಎರಡರಲ್ಲೂ ಎಣಿಕೆ ತಪ್ಪುತ್ತದೆ.

ಚಳಿಗಾಲದ ಬಿಸಿಲಿನಲ್ಲೂ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಮೂರು ಲೀಟರ್ ಹೊತ್ತು ಹೊರಟರೆ ಊರಿಂದೂರಿಗೆ ತುಂಬಿಕೊಳ್ಳುತ್ತ ಹೋಗಬಹುದು. ಬೋರ್‌ವೆಲ್ ನೀರಿಗೆ ನೇರ ಬಾಯಿ ಹಾಕಬೇಡಿ. ಈ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಎರಡೋ ಐದೋ ರೂಪಾಯಿ ನಾಣ್ಯ ಹಾಕಿದರೆ ನೀರು ಬರುತ್ತದೆ, 20 ಲೀಟರು. ಮೂರು ಲೀಟರಿಗೆ ನಿಲ್ಲಿಸು ಅಂತ ಆ ಮಿಷನ್ನಿಗೆ ಹೇಳಲು ಬರುವುದಿಲ್ಲ. ಹೊಸಬರು ಬಾಟಲಿ ತುಂಬಿಸಿ, ಹೆಲ್ಮೆಟ್ಟಿನಲ್ಲಿ ಹಿಡಿದು, ಕೊನೆಗೆ ಕಾಲು ತೊಳೆದುಕೊಳ್ಳುತ್ತ ನಿಂತಿರುವಾಗ ಕ್ಯಾನ್ ಹಿಡಿದು ಕಾದ ಅಕ್ಕಂದಿರ ಮುಖ ನೋಡಬೇಕು. ಬಲ್ಲವರು ಮಾಡುವುದೇ ಬೇರೆ. ‘ಅಕ್ಕಾ, ನಾಣ್ಯ ನಂದು, ಕ್ಯಾನು ನಿಂದು, ನಡುವೆ ಎರಡು ಬಾಟಲಿ ಹಿಡ್ಕೋತೀನಿ’ ಅಂದರೆ ಕೆಲಸವೂ ಆಯಿತು, ಮುಂದಿನ ಊರಿಗೆ ಮುಳ್ಳಿಲ್ಲದ ದಾರಿ ಯಾವುದು ಅಂತಲೂ ಗೊತ್ತಾಯಿತು. ಯಾವ ಮ್ಯಾಪೂ ಅದನ್ನು ಹೇಳುವುದಿಲ್ಲ.

ಬರೀ ನೀರು ಕುಡಿಯುತ್ತಲೇ ಇದ್ದರೆ ಬೆವರಿನಲ್ಲಿ ಹೋದ ಉಪ್ಪು ವಾಪಸಾಗದೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ರುಚಿಗೆ ಅಂತ ಗಟ್ಟಿ ಮಾಡಿಕೊಂಡರೆ ಭೇದಿ. ಪೊಟ್ಟಣ ಇಲ್ಲದಿದ್ದರೆ ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಿನ್ನಲು ಚಾಕೊಲೇಟ್ ಬೇಡ, 11 ಗಂಟೆಗೆ ಅದು ಪಾಯಸ. ಶೇಂಗಾ ಉಂಡೆ, ಬಾಳೆಹಣ್ಣು ಸಾಕು. ಮಂಡಕ್ಕಿ ನಮ್ಮ ಪ್ರಾಣವೇ ಸರಿ, ಆದರೆ ಬ್ಯಾಗಿನ ತುಂಬ ತುಂಬಿದರೂ ಹತ್ತು ಕಿಲೋಮೀಟರಿಗೆ ಸಾಲದು. ಮಿರ್ಚಿ ತಿಂದು ಏರು ಹತ್ತಿದವರಿಗೆ ಎದೆಯುರಿ ಯಾವುದು, ಆಯಾಸ ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ದಾವಣಗೆರೆ ಬೆಣ್ಣೆ ದೋಸೆ ಸವಾರಿ ಮುಗಿದ ಮರುದಿನದ ವಿಷಯ.

ಧೂಳು ಚೈನಿನ ಶತ್ರು, ಎಣ್ಣೆ ಅದಕ್ಕಿಂತ ದೊಡ್ಡ ಶತ್ರು. ಗಟ್ಟಿ ಎಣ್ಣೆ ಬಿಟ್ಟ ಚೈನು ಕೆಮ್ಮಣ್ಣಿನ ಧೂಳನ್ನು ಹೀರಿ ಉಜ್ಜುಪುಡಿಯಾಗಿ, ಹಲ್ಲಿನ ಚಕ್ರಗಳನ್ನು ಒಳಗಿಂದೊಳಗೇ ತಿನ್ನುತ್ತದೆ. ಈ ದಾರಿಗೆ ಮೇಣದ ಲೂಬ್ ಒಳ್ಳೆಯದು. ಹಿಂದಿನ ರಾತ್ರಿಯೇ ಒಂದೊಂದು ಉರುಳೆಗೆ ಒಂದೊಂದು ಹನಿ ಬಿಟ್ಟು, ಒಣಗಲು ಬಿಟ್ಟು, ಬೆಳಿಗ್ಗೆ ಹೊರಗಿನದನ್ನು ಒರೆಸಿ ಹೊರಡಬೇಕು. ಡಿಸ್ಕ್ ಬ್ರೇಕಿನ ಗಂಡಾಂತರ ಮಾತ್ರ ಉಪಕಾರದ ರೂಪದಲ್ಲಿ ಬರುತ್ತದೆ. ಟೀ ಅಂಗಡಿ ಮುಂದೆ ನಿಲ್ಲಿಸಿದಾಗ ಧೂಳಿಗೆ ಬ್ರೇಕು ಕೀರಲು ದನಿ ತೆಗೆಯುತ್ತದೆ. ಅಲ್ಲಿ ಕೂತ ಹಿರಿಯರೊಬ್ಬರಿಗೆ ಅದನ್ನು ಕೇಳಲಾಗದು. ನೀವು ಮುಖ ತೊಳೆದು ಬರುವಷ್ಟರಲ್ಲಿ ಕೊಬ್ಬರಿ ಎಣ್ಣೆ ಡಬ್ಬಿ ಹಿಡಿದು ‘ನಾಲ್ಕ್ ಹನಿ ಬಿಟ್ಟೀನಿ ತಮ್ಮಾ, ಇನ್ನು ಸದ್ದು ಬರಾಕಿಲ್ಲ’ ಅನ್ನುತ್ತಾರೆ. ನಿಜ, ಸದ್ದು ಬರುವುದಿಲ್ಲ. ಬ್ರೇಕೂ ಬರುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡು ಮಾತ್ರ ಎಸೆಯಬೇಕಾದದ್ದೇ. ಹಾಗಾಗಿ ಒಂದು ಜೊತೆ ಹೊಸ ಪ್ಯಾಡು ಜೇಬಿನಲ್ಲಿರಲಿ, ನಿಲ್ಲಿಸಿದ ಸೈಕಲ್ಲಿನ ಮೇಲೆ ಒಂದು ಕಣ್ಣಿರಲಿ. ಕೊಬ್ಬರಿ ಎಣ್ಣೆ ಬೇಕಾಗುವ ಜಾಗ ಸವಾರಿಯಲ್ಲಿ ಖಂಡಿತ ಒಂದಿದೆ, ಅದು ತೊಡೆಸಂದು.

ಆ ವಿಷಯಕ್ಕೆ ಬಂದದ್ದೇ ಆಯಿತು, ಹೇಳಿಬಿಡೋಣ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಒಳಚಡ್ಡಿ ಹಾಕಬಾರದು. ಮಾನಸ್ಥರ ಮನೆತನಕ್ಕೆ ಇದು ಕಷ್ಟದ ಮಾತು. ಆದರೆ ಒಳಚಡ್ಡಿಯ ಹೊಲಿಗೆ ಬೆವರಿನಲ್ಲಿ ನೆನೆದು 90 ಕಿ.ಮೀ. ಉಜ್ಜಿದರೆ ಭಾನುವಾರ ಕೂರುವ ಯೋಗವಿಲ್ಲ. ಚಡ್ಡಿ ಎರಡು ಇರಲಿ. ಒಂದನ್ನು ತೊಳೆದರೂ ಲಾಡ್ಜಿನ ಫ್ಯಾನಿಗೆ ಬೆಳಗಾಗುವಷ್ಟರಲ್ಲಿ ಪ್ಯಾಡು ಒಣಗುವುದಿಲ್ಲ. ಹಿಂದೆ ದಿಂಬು ಹೊಲಿದಂತಿರುವ ಆ ವೇಷದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಗುಡಿಗೆ ಹೋಗುವುದು ಸರಿಯಲ್ಲ, ಒಂದು ಪಂಚೆ ಇಟ್ಟುಕೊಳ್ಳಿ. ಸುತ್ತಿಕೊಳ್ಳಲೂ ಆಯಿತು, ಪ್ಯಾಚು ಹಾಕುವಾಗ ನೆಲಕ್ಕೆ ಹಾಸಲೂ ಆಯಿತು. ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಸಲ್ಲುವ ಸ್ಥಳ ಅದು. ಸೀಲೆಂಟ್ ನೋಡದೆ ಬಂದವರಿಗೂ ಅಷ್ಟೇ ಭಿಕ್ಷೆ.

ಬೀಳುವುದಾದರೆ ಎಡಕ್ಕೆ ಬೀಳಿ. ಗೇರ್ ಬದಲಿಸುವ ಡಿರೇಲರ್ ಬಲಗಡೆ ಇದೆ. ಅದು ತೂಗಿಕೊಂಡಿರುವುದು ಹ್ಯಾಂಗರ್ ಎಂಬ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡಿಗೆ. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ತಾನು ಮುರಿಯಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ತ್ಯಾಗಜೀವಿ. ಆದರೆ ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ. ಸಿಕ್ಕಸಿಕ್ಕ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮೊದಲೇ ತರಿಸಿ ಇಟ್ಟುಕೊಳ್ಳಬೇಕು. ಇಲ್ಲದಾಗ ಮುರಿದರೆ ಚೈನ್ ಟೂಲಿನಿಂದ ಚೈನು ಬಿಚ್ಚಿ, ಡಿರೇಲರ್ ತೆಗೆದು, ಮುಂದಿನ ಹಲ್ಲಿಗೆ ನೇರ ಬರುವ ಹಿಂದಿನ ನಡುವಿನ ಹಲ್ಲಿಗೆ ಹಾಕಿ, ಗಿಡ್ಡ ಮಾಡಿ, ಕ್ವಿಕ್ ಲಿಂಕಿನಿಂದ ಕೂಡಿಸಿ. 10 ಗೇರಿನ ಚೈನಿನ ಲಿಂಕು 12 ಗೇರಿನದಕ್ಕೆ ಕೂರುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ. ಲಕ್ಷ ರೂಪಾಯಿಯ 12 ಗೇರಿನ ಸೈಕಲ್ಲು ಹೀಗೆ ಹಾಲಿನವರ ಸೈಕಲ್ಲಾಗುತ್ತದೆ. ಅದೂ ಆಗದಿದ್ದರೆ ಲಗೇಜ್ ಆಟೋ, ಈರುಳ್ಳಿ ಚೀಲದ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ಇನ್ನೊಂದು ಈರುಳ್ಳಿ ಚೀಲ.

ಮಳೆ ಬಂದರೆ ಎರೆ ಹೊಲಕ್ಕೆ ಇಳಿಯಲೇಬೇಡಿ. ಕೆಂಪು ಮಸಾರಿ ನೆಲ ಮಳೆ ನಿಂತ ಗಂಟೆಯೊಳಗೆ ದಾರಿ ಕೊಡುತ್ತದೆ. ಎರೆ ಮಣ್ಣು ಹಾಗಲ್ಲ, ಟೈರಿಗೆ ಮೆತ್ತಿ, ಕಡ್ಡಿ ಸೊಪ್ಪು ಕಲಸಿಕೊಂಡು, ಫೋರ್ಕಿನ ಸಂದಿಯಲ್ಲಿ ಇಟ್ಟಿಗೆಯಾಗುತ್ತದೆ. ಇಪ್ಪತ್ತು ಹೆಜ್ಜೆಗೆ ಚಕ್ರ ನಿಂತುಹೋಗುತ್ತದೆ. ತಳ್ಳಿದಷ್ಟೂ ಮೆತ್ತುವುದರಿಂದ ಹೊರುವುದೊಂದೇ ಉಪಾಯ, ಆಗ 14 ಕೆ.ಜಿ. ಸೈಕಲ್ಲಿಗೆ ಅರ್ಧ ಹೊಲವೂ ಸೇರಿರುತ್ತದೆ.

ಮ್ಯಾಪನ್ನು ನಂಬುವ ವಿಚಾರ. ಚಳ್ಳಕೆರೆಯ ಕುದಾಪುರದ ಕಡೆ ಅಮೃತಮಹಲ್ ಕಾವಲು ಹಳೆಯ ಚಿತ್ರಗಳಲ್ಲಿ ವಿಶಾಲ ಹುಲ್ಲುಗಾವಲು. ಈಗ ರಕ್ಷಣಾ ಸಂಶೋಧನೆ, ಅಣು ವಿಜ್ಞಾನ, ಬಾಹ್ಯಾಕಾಶ ಎಲ್ಲ ಸಂಸ್ಥೆಗಳಿಗೂ ಅಲ್ಲಿ ಜಾಗ ಹಂಚಿ ಕಾಂಪೌಂಡ್ ಎದ್ದಿದೆ. ದುರ್ಗದಲ್ಲಿ ಏಳು ಸುತ್ತಿನ ಕೋಟೆ ನೋಡಿ ಬಂದವರಿಗೆ ಇಲ್ಲಿ ಎಂಟನೆಯದು. ಇದಕ್ಕೆ ಓಬವ್ವನ ಕಿಂಡಿಯೂ ಇಲ್ಲ. ಸುತ್ತಿಕೊಂಡೇ ಹೋಗಬೇಕು, ಫೋಟೊ ತೆಗೆಯಲು ಹೋಗಬಾರದು. ಜೋಗಿಮಟ್ಟಿ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ಕರಡಿಗಳಿವೆ, ಅವು ಅನುಮತಿ ಕೇಳುವುದಿಲ್ಲ. ಮಾರಿಕಣಿವೆಯದು ಇನ್ನೊಂದು ತಮಾಷೆ. 1907ರಲ್ಲಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಹಿನ್ನೀರಿನ ಅಂಚಿನಲ್ಲಿ ಬಂಡಿಜಾಡು ಬಿದ್ದಿದ್ದವು. ಹಳೇ ಜಾಡು ನೋಡಿಕೊಂಡು ಬಂದರೆ ಫೋನು ‘ನೇರ ಮುಂದೆ’ ಅನ್ನುತ್ತದೆ, ಮುಂದೆ ಮೀನುಗಾರರ ತೆಪ್ಪ ಇರುತ್ತದೆ.

ಕುರಿಮಂದೆಯ ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ. ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು, ನಡೆಯುತ್ತ ಮಾತಾಡಿ. ಕನ್ನಡದಲ್ಲೇ ಮಾತಾಡಿ. ಮನುಷ್ಯ ಅಂತ ಗೊತ್ತಾದ ಮೇಲೆ ಅದಕ್ಕೆ ಆಸಕ್ತಿ ಹೋಗುತ್ತದೆ.

ಭಾನುವಾರ ಮಧ್ಯಾಹ್ನ ಗಾಳಿ. ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನೆಟ್ಟಿರುವುದನ್ನು ನೋಡಿಯೂ ಈ ಸೀಮೆಯಲ್ಲಿ ಗಾಳಿ ಜಾಸ್ತಿ ಅಂತ ಆಶ್ಚರ್ಯಪಡುವವರಿದ್ದಾರೆ. ಆ ಯಂತ್ರಗಳು ಬಿಟ್ಟಿ ದಿಕ್ಸೂಚಿ. ರೆಕ್ಕೆಯ ಮುಖ ಎತ್ತ ಇದೆಯೋ ಗಾಳಿ ಅತ್ತಲಿಂದ. ಜೂನ್‌ನಿಂದ ಸೆಪ್ಟೆಂಬರ್ ಪಡುವಣ ಗಾಳಿ, ಮಾರಿಕಣಿವೆಯಿಂದ ದುರ್ಗದ ದಾರಿಯುದ್ದಕ್ಕೂ ಎದೆಗೇ ಬಡಿಯುತ್ತದೆ. ಆ ತಿಂಗಳುಗಳಲ್ಲಿ ಸುತ್ತನ್ನು ತಿರುಗುಮುರುಗು ಮಾಡಿ. ಎದುರುಗಾಳಿಯಲ್ಲಿ ತಲೆ ಬಗ್ಗಿಸಿ, ಎರಡು ಗೇರ್ ಇಳಿಸಿ, ಕಿಲೋಮೀಟರ್ ನೋಡುವುದು ಬಿಟ್ಟು ಗಂಟೆ ನೋಡಿಕೊಂಡು ತುಳಿಯಬೇಕು. ರೆಕ್ಕೆಗಳೆಲ್ಲ ಒಟ್ಟಿಗೆ ನಿಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರೆ ಅವುಗಳ ಅಭಿಪ್ರಾಯ ಸ್ಪಷ್ಟ.

ಸಂಜೆ ಮನೆ ತಲುಪಿದ ಮೇಲೆ ಸೈಕಲ್ಲು ಗೋಡೆಗೆ ಒರಗಿಸುವ ಮುಂಚೆ ಎರಡೂ ಟೈರು ಬಟ್ಟೆಯಲ್ಲಿ ಸವರಿ, ಮುಳ್ಳು ಕಿತ್ತು, ಗಾಳಿ ತುಂಬಿ, ಚಕ್ರ ತಿರುಗಿಸಿಡಬೇಕು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಅದು ಗಾಳಿ ಇಳಿದು ರಿಮ್ಮಿನ ಮೇಲೆ ಪೀಠಾರೋಹಣ ಮಾಡಿರುತ್ತದೆ. ಇದನ್ನು ಎಲ್ಲರೂ ಮಾಡುತ್ತಾರೆ. ಯಾರೂ ಮಾಡದ್ದು ಶೂ ತಿರುಗಿಸಿ ನೋಡುವುದು. ತಳದ ಗೀರುಗಳಲ್ಲಿ ಹತ್ತಾರು ನೆಗ್ಗಿಲು ದುರ್ಗಕ್ಕೆ ಉಚಿತ ಪ್ರಯಾಣ ಮಾಡಿ ಬಂದಿರುತ್ತವೆ, ಪಡಸಾಲೆಯಲ್ಲಿ ಒಂದೊಂದಾಗಿ ಇಳಿದುಕೊಳ್ಳುತ್ತವೆ. ರಾತ್ರಿ ಲೈಟ್ ಹಾಕದೆ ಬಚ್ಚಲಿಗೆ ಹೊರಟ ಅಮ್ಮನ ಅಂಗಾಲು ಅವನ್ನು ಹುಡುಕುತ್ತದೆ. ಅಂಗಾಲಿಗೆ ಸೀಲೆಂಟ್ ಇರುವುದಿಲ್ಲ. ಬ್ರಹ್ಮಗಿರಿಯ ಬಂಡೆಯ ಮೇಲಿನ ಮಾತು ಆಗ ಇಡೀ ಓಣಿಗೆ ಕೇಳಿಸುತ್ತದೆ.